ನಿಧಾನವಾಗಿ ಓಡಲು ಕಲಿಸುವ ವಾಚ್



ನಮ್ಮ ತರಗತಿಯಲ್ಲಿ ಈಗ ಹೃದಯ ಬಡಿತ ತೋರಿಸುವ ವಾಚ್ ಕಟ್ಟಿಕೊಂಡವರು ಏಳೆಂಟು ಮಂದಿ ಇದ್ದಾರೆ. ಕೆಲವರಿಗೆ ಗಲ್ಫ್‌ನಿಂದ ರಜೆಗೆ ಬಂದ ಅಣ್ಣ ತಂದುಕೊಟ್ಟದ್ದು, ಇನ್ನು ಕೆಲವರು ಹಬ್ಬಕ್ಕೆ ಸಿಕ್ಕಿದ ಹಣ ಕೂಡಿಸಿ ತರಿಸಿಕೊಂಡದ್ದು. ನನ್ನ ವಾಚ್ ಮಾವ ಕೊಟ್ಟದ್ದು. ಊಟದ ಬಿಡುವಿನಲ್ಲಿ "ನನ್ನದು 82, ನಿನ್ನದೆಷ್ಟು?" ಎಂದು ಕೇಳಿಕೊಳ್ಳುವುದು, ಮೈದಾನದಲ್ಲಿ ಓಡಿ ಬಂದ ಮೇಲೆ "ಇವತ್ತು 190 ಮುಟ್ಟಿಸಿದೆ" ಎಂದು ಬೀಗುವುದು ಈಗ ಸಾಮಾನ್ಯವಾಗಿದೆ. ಆದರೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಅದನ್ನು ನೋಡಿ ನಾವು ಏನು ಮಾಡಬೇಕು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ನಾಲ್ಕು ತಿಂಗಳಿಂದ ನಾನು ಈ ವಾಚ್ ಕಟ್ಟಿಕೊಂಡು ಓಡುತ್ತಿದ್ದೇನೆ. ಜೀವಶಾಸ್ತ್ರದ ಪಾಠದಲ್ಲಿ ಕಲಿತದ್ದನ್ನೂ ಬೇರೆ ಕಡೆ ಓದಿದ್ದನ್ನೂ ಅದರ ಜೊತೆಗೆ ಹೋಲಿಸಿ ನೋಡಿದ್ದೇನೆ. ನನಗೆ ಅರ್ಥವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಿಧಾನವಾಗಿ ಓಡಬೇಕಾದ ದಿನ ನಮ್ಮನ್ನು ನಿಧಾನವಾಗಿಯೇ ಓಡಿಸುವುದು ಈ ವಾಚ್‌ನ ದೊಡ್ಡ ಉಪಯೋಗ. ಪೊಲೀಸ್ ನೇಮಕಾತಿಗೋ ಸೇನಾ ಭರ್ತಿಗೋ 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿರುವ ಗೆಳೆಯರು ನಮ್ಮಲ್ಲಿದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಬಡಿತ ಏಕೆ ಏರುತ್ತದೆ?

ನಮ್ಮ ಹೃದಯ ಮುಷ್ಟಿಯಷ್ಟು ದೊಡ್ಡ ಪಂಪು. ಸುಮ್ಮನೆ ಕುಳಿತಿರುವಾಗ ಅದು ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ಸುಮಾರು 5 ಲೀಟರ್. ಈ ಲೆಕ್ಕದಲ್ಲಿ ದಿನಕ್ಕೆ ಒಂದು ಲಕ್ಷ ಬಡಿತ. ಓಡಲು ಆರಂಭಿಸಿದ ಕೂಡಲೇ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಹೃದಯ ಎರಡು ರೀತಿಯಲ್ಲಿ ಅದನ್ನು ಒದಗಿಸುತ್ತದೆ: ಪ್ರತಿ ಬಡಿತದಲ್ಲೂ ಹೆಚ್ಚು ರಕ್ತ ತಳ್ಳುತ್ತದೆ, ನಿಮಿಷಕ್ಕೆ ಹೆಚ್ಚು ಸಲ ಬಡಿಯುತ್ತದೆ.

ಅಭ್ಯಾಸ ಹೆಚ್ಚಾದಂತೆ ಒಂದು ಬಡಿತಕ್ಕೆ ಹೊರಬರುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಆಗ ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ. ವಯಸ್ಕರಲ್ಲಿ ವಿಶ್ರಾಂತಿಯ ಬಡಿತ ಸಾಮಾನ್ಯವಾಗಿ 60ರಿಂದ 100ರೊಳಗೆ ಇದ್ದರೆ, ದೂರದ ಓಟಗಾರರಲ್ಲಿ 50ಕ್ಕಿಂತ ಕೆಳಗೂ ಇರುವುದು ಇದೇ ಕಾರಣಕ್ಕೆ. ಹಾಗಾಗಿ "190 ಮುಟ್ಟಿಸಿದೆ" ಎನ್ನುವುದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಮೊದಲು 170 ಬಡಿತದಲ್ಲಿ ಓಡುತ್ತಿದ್ದ ವೇಗಕ್ಕೆ ಈಗ 155 ಸಾಕಾಗುತ್ತಿದೆ ಎಂದಾದರೆ ಆಗ ಸಂತೋಷಪಡಬೇಕು.

ಹಸಿರು ಬೆಳಕಿನ ಗುಟ್ಟು

ವಾಚ್ ತೆಗೆದು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಸಿರು ಎಲ್‌ಇಡಿ ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಬೆಳಕನ್ನು ಗುರುತಿಸುವ ಸಣ್ಣ ಸೆನ್ಸರ್ ಇದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ಕ್ಷಣಕಾಲ ರಕ್ತ ಹೆಚ್ಚುತ್ತದೆ, ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ರಕ್ತ ಇಳಿಯುತ್ತದೆ, ಬೆಳಕು ಹೆಚ್ಚಾಗುತ್ತದೆ. ಈ ಏರಿಳಿತವನ್ನು ಎಣಿಸಿ ವಾಚ್ ನಮಗೆ ಸಂಖ್ಯೆ ತೋರಿಸುತ್ತದೆ. ವಾಚ್ ಹೃದಯವನ್ನು ನೇರವಾಗಿ ನೋಡುತ್ತಿಲ್ಲ, ಮಣಿಕಟ್ಟಿಗೆ ಬಂದು ತಲುಪಿದ ರಕ್ತದ ಅಲೆಯನ್ನು ನೋಡುತ್ತಿದೆ ಎಂಬುದನ್ನು ನೆನಪಿಡಬೇಕು.

ಎದೆಗೆ ಕಟ್ಟುವ ಪಟ್ಟಿ ಬೇರೆ ವಿಧಾನದ್ದು. ಅದು ಇಸಿಜಿಯ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಇಸಿಜಿಗೆ ದಾರಿ ಮಾಡಿಕೊಟ್ಟ ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಯಂತ್ರ ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. ಓಡುತ್ತಲೇ ಬಡಿತ ನೋಡುವ ಅನುಕೂಲ ಬಂದದ್ದು 1982ರಲ್ಲಿ, ಫಿನ್ಲೆಂಡಿನ ಪೋಲಾರ್ ಕಂಪನಿ ಎದೆಪಟ್ಟಿಯಿಂದ ವಾಚ್‌ಗೆ ತಂತಿಯಿಲ್ಲದೆ ಸಂಕೇತ ಕಳುಹಿಸುವ ಸಾಧನವನ್ನು ಮಾರುಕಟ್ಟೆಗೆ ತಂದಾಗ. ಹಿಮದ ಮೇಲೆ ಸ್ಕೀ ಮಾಡುವ ಕ್ರೀಡಾಪಟುಗಳ ತರಬೇತಿಯ ಅಗತ್ಯದಿಂದ ಹುಟ್ಟಿದ ಈ ಉಪಾಯ ಇಂದು ನಮ್ಮ ಕರಾವಳಿಯ ಬೆವರಿನಲ್ಲೂ ಕೆಲಸ ಮಾಡುತ್ತಿದೆ.

ನಿಮ್ಮ ಗರಿಷ್ಠ ಬಡಿತ ಎಷ್ಟು?

ವಾಚ್‌ಗೆ ನಮ್ಮ ವಯಸ್ಸು ಕೊಟ್ಟ ಕೂಡಲೇ ಅದು ನಮ್ಮ ಗರಿಷ್ಠ ಬಡಿತವನ್ನು ಅಂದಾಜು ಮಾಡುತ್ತದೆ. ಹೆಚ್ಚಾಗಿ ಬಳಸುವ ಸೂತ್ರ 220ರಿಂದ ವಯಸ್ಸನ್ನು ಕಳೆಯುವುದು. 17 ವರ್ಷದವರಿಗೆ ಅದು 203 ಆಗುತ್ತದೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ವಯಸ್ಕರ ಅಧ್ಯಯನಗಳನ್ನು ಒಟ್ಟುಗೂಡಿಸಿ ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ಅದರ ಪ್ರಕಾರ ನಮಗೆ ಸುಮಾರು 196 ಬರುತ್ತದೆ.

ಯಾವ ಸೂತ್ರ ಬಳಸಿದರೂ ಅದು ಸರಾಸರಿ ಮಾತ್ರ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ಗರಿಷ್ಠ ಬಡಿತದಲ್ಲಿ 20ರ ವ್ಯತ್ಯಾಸ ಇರಬಹುದು. ಗರಿಷ್ಠ ಬಡಿತ ಹೆಚ್ಚಿದ್ದವರು ಹೆಚ್ಚು ಗಟ್ಟಿಗರು ಎಂದೂ ಅರ್ಥವಲ್ಲ. ಅದು ಎತ್ತರದ ಹಾಗೆ, ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಗೆಳೆಯನ ಸಂಖ್ಯೆಗೆ ನಮ್ಮ ಸಂಖ್ಯೆಯನ್ನು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಹೋಲಿಸುವುದಿದ್ದರೆ ನಮ್ಮದೇ ಕಳೆದ ತಿಂಗಳ ಸಂಖ್ಯೆಯೊಂದಿಗೆ ಹೋಲಿಸಬೇಕು.

ಸುಲಭ ಓಟದ ಲೆಕ್ಕ

ಫಿನ್ಲೆಂಡಿನ ವಿಜ್ಞಾನಿ ಮಾರ್ಟಿ ಕಾರ್ವೋನೆನ್ 1957ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬಂದ ಒಂದು ವಿಧಾನ ಇದಕ್ಕೆ ಹೆಚ್ಚು ಉಪಯುಕ್ತ. ಇದರಲ್ಲಿ ವಿಶ್ರಾಂತಿಯ ಬಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆಯಿಂದ ಏಳುವ ಮೊದಲು ಬಡಿತ ನೋಡಿ ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ದಿನದ ಸರಾಸರಿ ತೆಗೆಯಿರಿ. ಅದು 70 ಎಂದಿಟ್ಟುಕೊಳ್ಳೋಣ.

ಗರಿಷ್ಠ 196, ವಿಶ್ರಾಂತಿ 70. ವ್ಯತ್ಯಾಸ 126. ಇದು ನಮ್ಮ ಹೃದಯದ ಕೈಯಲ್ಲಿರುವ ಬಂಡವಾಳ. ಇದರ ಶೇಕಡಾ 60 ಎಂದರೆ ಸುಮಾರು 76. ಅದಕ್ಕೆ 70 ಕೂಡಿಸಿದರೆ 146. ಶೇಕಡಾ 70 ತೆಗೆದುಕೊಂಡರೆ 88ಕ್ಕೆ 70 ಕೂಡಿ 158. ಅಂದರೆ ಈ ವಿದ್ಯಾರ್ಥಿಯ ಸುಲಭ ಓಟ 146ರಿಂದ 158ರೊಳಗೆ ಇರಬೇಕು. ಇದೇ ರೀತಿ ಶೇಕಡಾ 85ರಿಂದ 90 ಲೆಕ್ಕ ಹಾಕಿದರೆ 177ರಿಂದ 183 ಬರುತ್ತದೆ. ಅದು ಕಠಿಣ ಓಟದ ದಿನದ ಮಟ್ಟ.

ಮೊದಲ ಬಾರಿ ಈ ಮಿತಿಯಲ್ಲಿ ಓಡಲು ಹೊರಟವರಿಗೆ ಆಶ್ಚರ್ಯ ಕಾದಿರುತ್ತದೆ. ಎರಡು ನಿಮಿಷದಲ್ಲೇ ಸಂಖ್ಯೆ 165 ದಾಟುತ್ತದೆ. ಕೆಳಗಿಳಿಸಲು ನಡೆಯಬೇಕಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಓಡಿ, ನಡೆದು, ಮತ್ತೆ ಓಡಿ 30 ನಿಮಿಷ ಪೂರೈಸಿದರೂ ಅಂದಿನ ಅಭ್ಯಾಸ ಸರಿಯಾಗಿಯೇ ಆಯಿತು.

ನಿಧಾನವೇ ಏಕೆ?

ಸಂಜೆ ನಮ್ಮ ಮೈದಾನವನ್ನು ಗಮನಿಸಿದರೆ ಬಹಳಷ್ಟು ಮಂದಿ ದಿನವೂ ಒಂದೇ ರೀತಿ ಓಡುವುದು ಕಾಣುತ್ತದೆ. ಮೊದಲ ಸುತ್ತಿನಿಂದಲೇ ಏದುಸಿರು, ಮೂರನೇ ಸುತ್ತಿಗೆ ಸೊಂಟಕ್ಕೆ ಕೈ. ಮರುದಿನ ಕಾಲುನೋವು, ವಾರದೊಳಗೆ ಅಭ್ಯಾಸಕ್ಕೆ ರಜೆ. ಸುಲಭವಾಗಿರಬೇಕಾದ ದಿನ ವಿಪರೀತ ವೇಗವಾಗುತ್ತದೆ, ಆದ್ದರಿಂದ ನಿಜವಾಗಿ ವೇಗವಾಗಿ ಓಡಬೇಕಾದ ದಿನ ಕಾಲಿನಲ್ಲಿ ಬಲ ಉಳಿಯುವುದಿಲ್ಲ.

1600 ಮೀಟರ್ ಓಟ ಮುಗಿಯಲು ಆರು ನಿಮಿಷದ ಆಸುಪಾಸು ಬೇಕು. ಅಷ್ಟು ಹೊತ್ತಿನ ಓಟದಲ್ಲಿ ದೇಹಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕ ಬಳಸಿಯೇ ತಯಾರಾಗುತ್ತದೆ. ಆ ಸಾಮರ್ಥ್ಯದ ಅಡಿಪಾಯ ಬೆಳೆಯುವುದು ದೀರ್ಘವಾದ, ಸುಲಭವಾದ ಓಟದಿಂದ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಮರುದಿನ ಮತ್ತೆ ಓಡುವಷ್ಟು ಚೈತನ್ಯವೂ ಉಳಿಯುತ್ತದೆ. ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ಉನ್ನತ ಮಟ್ಟದ ದೂರದ ಓಟಗಾರರು, ಸ್ಕೀ ಪಟುಗಳು, ದೋಣಿ ಹುಟ್ಟುಹಾಕುವವರು ಮುಂತಾದವರ ಅಭ್ಯಾಸವನ್ನು ಪರಿಶೀಲಿಸಿದಾಗ, ಅವರ ಅಭ್ಯಾಸದ ಸುಮಾರು ಶೇಕಡಾ 80 ಭಾಗ ಸುಲಭ ಮಟ್ಟದಲ್ಲೇ ಇರುವುದು ಕಂಡುಬಂತು. ಜಗತ್ತಿನ ಅತ್ಯುತ್ತಮರೇ ಇಷ್ಟು ನಿಧಾನಕ್ಕೆ ಸಮಯ ಕೊಡುವಾಗ ನಾವು ದಿನವೂ ಪರೀಕ್ಷೆಯಂತೆ ಓಡುವುದು ಸರಿಯಲ್ಲ.

ವಾರಕ್ಕೆ ಐದು ದಿನ ಓಡುವವರು ನಾಲ್ಕು ದಿನ ಸುಲಭ ಓಟ, ಒಂದು ದಿನ ಕಠಿಣ ಓಟ ಎಂದು ಇಟ್ಟುಕೊಳ್ಳಬಹುದು. ಕಠಿಣ ದಿನದಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು 400 ಮೀಟರ್‌ನ ನಾಲ್ಕು ವೇಗದ ಸುತ್ತು, ಪ್ರತಿ ಸುತ್ತಿನ ಬಳಿಕ ಬಡಿತ 130ರ ಹತ್ತಿರ ಇಳಿಯುವವರೆಗೆ ನಡಿಗೆ. ಇಲ್ಲಿ ವಾಚ್ ಇನ್ನೊಂದು ರೀತಿ ನೆರವಾಗುತ್ತದೆ. ನಿಂತ ಮೇಲೆ ಒಂದು ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ. ಅಭ್ಯಾಸ ಕೂಡಿಬಂದಂತೆ ಇಳಿಕೆ ಬೇಗ ಆಗುತ್ತದೆ.

ನನ್ನ ಪುಸ್ತಕದಲ್ಲಿರುವ ಲೆಕ್ಕ ಹೀಗಿದೆ: ಅಕ್ಟೋಬರ್‌ನಲ್ಲಿ ವಿಶ್ರಾಂತಿಯ ಬಡಿತ 76, ಜನವರಿ ಕೊನೆಗೆ 69. ಬಡಿತ 150ರ ಆಸುಪಾಸಿನಲ್ಲಿಟ್ಟು 2 ಕಿಲೋಮೀಟರ್ ಓಡಲು ಮೊದಲು 17 ನಿಮಿಷ, ಈಗ ಹದಿನಾಲ್ಕೂವರೆ. ಈ ಸಂಖ್ಯೆಗಳಿಗೆ ಯಾರೂ ಪದಕ ಕೊಡುವುದಿಲ್ಲ, ಆದರೆ ಹೃದಯ ಕಲಿಯುತ್ತಿದೆ ಎಂಬುದಕ್ಕೆ ಅವು ಸಾಕ್ಷಿ.

ಸಂಖ್ಯೆ ದಾರಿ ತಪ್ಪಿಸುವಾಗ

ವಾಚ್ ಹೇಳಿದ್ದೆಲ್ಲ ನಿಜವಲ್ಲ. ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ಒಳಗೆ ನುಸುಳಿ ಲೆಕ್ಕ ಕೆಡುತ್ತದೆ. ಕೆಲವೊಮ್ಮೆ ವಾಚ್ ಬಡಿತದ ಬದಲು ಕೈಬೀಸುವ ಲಯವನ್ನೇ ಎಣಿಸಿಬಿಡುತ್ತದೆ. ಓಡುವಾಗ ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತೇವೆ. ಆರಾಮಾಗಿ ಓಡುತ್ತಿರುವಾಗಲೂ ವಾಚ್ 172ರಲ್ಲೇ ನಿಂತುಬಿಟ್ಟರೆ ಅದು ಹೆಜ್ಜೆಯ ಲೆಕ್ಕ ಇರಬಹುದು. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ, ಆದರೆ ನೋವಾಗದಂತೆ ಕಟ್ಟಬೇಕು. ವೇಗ ಒಮ್ಮೆಲೇ ಏರಿಳಿಯುವ ಅಭ್ಯಾಸದಲ್ಲಿ ಎದೆಪಟ್ಟಿಯ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.

ಕ್ಯಾಲೊರಿ ಲೆಕ್ಕವನ್ನಂತೂ ನೋಡಿ ನಕ್ಕು ಬಿಟ್ಟುಬಿಡುವುದು ಒಳ್ಳೆಯದು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದರು. ಅವುಗಳಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇಕಡಾ 5ರೊಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲೊರಿ ವಿಷಯದಲ್ಲಿ ಮಾತ್ರ ಅತ್ಯುತ್ತಮ ಸಾಧನವೇ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ತೀರಾ ಕಳಪೆಯದ್ದು ಶೇಕಡಾ 93ರಷ್ಟು. ವಾಚ್ 300 ಕ್ಯಾಲೊರಿ ಎಂದು ತೋರಿಸಿತೆಂದು ಎರಡು ಸಮೋಸ ಹೆಚ್ಚು ತಿನ್ನುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಸಂಖ್ಯೆ ಸರಿಯಾಗಿದ್ದರೂ ಅದರ ಅರ್ಥ ದಿನದಿಂದ ದಿನಕ್ಕೆ ಬದಲಾಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಾಂಶ ಜಾಸ್ತಿ, ಬೆವರು ಆವಿಯಾಗುವುದಿಲ್ಲ, ಮೈ ತಣಿಯುವುದಿಲ್ಲ. ಮೈ ತಣಿಸಲು ಚರ್ಮದತ್ತಲೂ ರಕ್ತ ಕಳುಹಿಸಬೇಕಾದ್ದರಿಂದ ಅದೇ ವೇಗಕ್ಕೆ ಬಡಿತ ಹತ್ತು ಹದಿನೈದು ಹೆಚ್ಚಾಗಬಹುದು. ನಿದ್ದೆ ಕೆಟ್ಟಾಗ, ಜ್ವರ ಬರುವ ಮುನ್ನ, ಪರೀಕ್ಷೆಯ ಆತಂಕದಲ್ಲಿ ಕೂಡ ಹೀಗಾಗುತ್ತದೆ. ಉಪವಾಸದ ದಿನ ಸಂಜೆ ದೇಹದಲ್ಲಿ ನೀರು ಕಡಿಮೆ ಇರುವುದರಿಂದ ಬಡಿತ ಬೇಗ ಏರುತ್ತದೆ. ಆ ತಿಂಗಳು ಇಫ್ತಾರ್ ಮುಗಿದು ಒಂದೆರಡು ಗಂಟೆಯ ನಂತರ ಲಘುವಾಗಿ ಓಡುವುದು ಅಥವಾ ನಡೆಯುವುದು ವಾಸಿ. ಬೆಳಿಗ್ಗೆಯ ವಿಶ್ರಾಂತಿಯ ಬಡಿತ ಎಂದಿಗಿಂತ ಎಂಟು ಹತ್ತು ಹೆಚ್ಚು ಕಂಡರೆ ಅಂದು ಕಠಿಣ ಓಟ ಬೇಡ.

ಮನೆಯ ಹಿರಿಯರ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ನನ್ನ ತಂದೆಗೆ 52 ವರ್ಷ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ದಿನಕ್ಕೆ ಅರ್ಧ ಗಂಟೆ ನಡೆಯಲು ವೈದ್ಯರು ಹೇಳಿದ್ದರು. ಅವರ ವಾಚ್ ವಯಸ್ಸಿನ ಲೆಕ್ಕದಲ್ಲಿ 118 ಮುಟ್ಟಬೇಕು ಎಂದು ಗುರಿ ಇಟ್ಟಿತ್ತು. ಎಷ್ಟು ಬೀಸಾಗಿ ನಡೆದರೂ ಸಂಖ್ಯೆ 100 ದಾಟುತ್ತಿರಲಿಲ್ಲ. "ಇನ್ನೂ ವೇಗ ಸಾಲದು ಅಂತ ಇದು ಹೇಳ್ತಾ ಇದೆ" ಎಂದು ಅವರು ಏದುಸಿರು ಬಿಡುತ್ತಲೇ ವೇಗ ಹೆಚ್ಚಿಸುತ್ತಿದ್ದರು. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿದಾಗ ವಿಷಯ ತಿಳಿಯಿತು. ಅವರ ಮಾತ್ರೆ ಬೀಟಾ ಬ್ಲಾಕರ್ ಎಂಬ ಗುಂಪಿಗೆ ಸೇರಿದ್ದು. ಅದು ಹೃದಯಕ್ಕೆ ಬ್ರೇಕ್ ಹಾಕಿದ ಹಾಗೆ ಬಡಿತ ಏರದಂತೆ ತಡೆಯುತ್ತದೆ. ಅಂಥವರಿಗೆ ವಯಸ್ಸಿನ ಸೂತ್ರ ಅನ್ವಯಿಸುವುದೇ ಇಲ್ಲ. "ಸಂಖ್ಯೆ ಬಿಡಿ, ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು" ಎಂದರು ವೈದ್ಯರು. ನಿಮ್ಮ ಮನೆಯಲ್ಲಿ ಯಾರಾದರೂ ಇಂತಹ ಮಾತ್ರೆ ಸೇವಿಸುತ್ತಿದ್ದು ವಾಚ್ ಕಟ್ಟಿಕೊಂಡು ನಡೆಯುತ್ತಿದ್ದರೆ ದಯವಿಟ್ಟು ಈ ಮಾತು ತಿಳಿಸಿ. ಮಾತ್ರೆ ನಿಲ್ಲಿಸುವುದು ಉತ್ತರವಲ್ಲ, ವೈದ್ಯರನ್ನು ಕೇಳಿ ನಡಿಗೆಯ ವೇಗ ನಿರ್ಧರಿಸುವುದು ಉತ್ತರ.

ವಾಚ್ ಇಲ್ಲದವರಿಗೆ

ವಾಚ್ ಇಲ್ಲ ಎಂದು ಬೇಸರಪಡಬೇಕಾಗಿಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲೇ ಒಂದು ನಿಮಿಷ ಓಡುವ ಗಡಿಯಾರ ಬಳಸಿ ನಾಡಿ ಎಣಿಸುವ ಬಗ್ಗೆ ಪುಸ್ತಕ ಬರೆದಿದ್ದರು. ನಮ್ಮ ಬಳಿ ಇರುವ ಸಾಮಾನ್ಯ ಗಡಿಯಾರವೇ ಸಾಕು. ತೋರುಬೆರಳು ಮತ್ತು ನಡುಬೆರಳನ್ನು ಇನ್ನೊಂದು ಕೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೂ ತನ್ನದೇ ಮಿಡಿತವಿದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಓಟ ನಿಲ್ಲಿಸಿದ ಕೂಡಲೇ ಎಣಿಸಬೇಕು, ತಡವಾದರೆ ಬಡಿತ ಇಳಿದುಬಿಡುತ್ತದೆ.

ಓಡುತ್ತಿರುವಾಗ ಅದಕ್ಕಿಂತ ಸುಲಭವಾದ ಪರೀಕ್ಷೆ ಮಾತಿನದ್ದು. ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ಅದು ಸುಲಭ ಓಟ. ಎರಡು ಮೂರು ಪದಕ್ಕೆ ಉಸಿರು ನಿಲ್ಲುತ್ತಿದ್ದರೆ ಅದು ಕಠಿಣ ಓಟ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅವರು ಶ್ರಮವನ್ನು ನಮ್ಮ ಅನಿಸಿಕೆಯಿಂದಲೇ ಅಳೆಯಲು 6ರಿಂದ 20ರವರೆಗಿನ ಒಂದು ಅಳತೆಪಟ್ಟಿ ರೂಪಿಸಿದ್ದಾರೆ. ಅದರ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಯುವ ವಯಸ್ಕರ ಹೃದಯ ಬಡಿತದ ಹತ್ತಿರಕ್ಕೆ ಬರುವಂತೆ ಅದನ್ನು ಹೊಂದಿಸಲಾಗಿದೆ. ನಮ್ಮ ದೇಹದ ಅನಿಸಿಕೆಗೂ ಬೆಲೆಯಿದೆ ಎಂಬುದಕ್ಕೆ ಇದು ಉದಾಹರಣೆ.

ಮೈದಾನಕ್ಕೆ ಹೋಗಲು ಅನುಕೂಲವಿಲ್ಲದ ಗೆಳತಿಯರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಟೆರೇಸಿನಲ್ಲಿ ಚುರುಕು ನಡಿಗೆ, ಅಂಗಳದಲ್ಲಿ ಹಗ್ಗದಾಟ, ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲವೂ ಹೃದಯಕ್ಕೆ ವ್ಯಾಯಾಮವೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೆಳಿಗ್ಗೆ ಟ್ಯೂಷನ್, ಸಂಜೆ ಸಿಇಟಿ ಮತ್ತು ನೀಟ್ ತರಗತಿ ಎಂದು ಕುಳಿತೇ ದಿನ ಕಳೆಯುವ ನಮಗೆ ಇದು ದೊಡ್ಡ ಗುರಿ. ಫಜ್ರ್ ನಂತರದ ತಂಪು ಹೊತ್ತಿನಲ್ಲಿ 20 ನಿಮಿಷದಿಂದ ಆರಂಭಿಸಿದರೂ ಒಳ್ಳೆಯದೇ.

ಓಟ ನಿಲ್ಲಿಸಬೇಕಾದಾಗ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಓಡುವಾಗ ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ, ಎದೆಯೊಳಗೆ ಬಡಿತ ತಾಳ ತಪ್ಪಿದ ಅನುಭವ, ಮಾಮೂಲಿಗಿಂತ ಬೇರೆ ರೀತಿಯ ಉಸಿರಾಟದ ತೊಂದರೆ ಬಂದರೆ ವಾಚ್ ಎಷ್ಟೇ ಒಳ್ಳೆಯ ಸಂಖ್ಯೆ ತೋರಿಸಲಿ, ಕೂಡಲೇ ಓಟ ನಿಲ್ಲಿಸಿ. ಪಕ್ಕದಲ್ಲಿರುವವರಿಗೆ ತಿಳಿಸಿ. ವ್ಯಾಯಾಮದ ನಡುವೆ ಎಂದಾದರೂ ಪ್ರಜ್ಞೆ ತಪ್ಪಿದ್ದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ, ಕಠಿಣ ಅಭ್ಯಾಸ ಆರಂಭಿಸುವ ಮೊದಲು ವೈದ್ಯರ ಬಳಿ ಪರೀಕ್ಷಿಸಿಕೊಳ್ಳಿ. ನೇಮಕಾತಿಯ ದಿನಾಂಕ ಹತ್ತಿರ ಬಂತೆಂದು ಇಂಥ ಲಕ್ಷಣವನ್ನು ಮುಚ್ಚಿಡುವುದು ಅಪಾಯ. ಅವಕಾಶ ಇನ್ನೊಂದು ವರ್ಷ ಬರಬಹುದು. ಬಡಿತ ಎಣಿಸುವ ಯಂತ್ರಕ್ಕೆ ರೋಗ ಪತ್ತೆ ಮಾಡುವ ಕೆಲಸ ಕೊಡಬೇಡಿ.

ಈ ವಾರ ಒಂದು ಕೆಲಸ ಮಾಡಿ ನೋಡಿ. ಮೂರು ದಿನ ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆದಿಟ್ಟುಕೊಳ್ಳಿ. ಮೇಲೆ ಹೇಳಿದ ಹಾಗೆ ನಿಮ್ಮ ಸುಲಭ ಓಟದ ಮಿತಿಯನ್ನು ಲೆಕ್ಕ ಹಾಕಿ. ಆ ಮಿತಿ ದಾಟದೆ 20 ನಿಮಿಷ ಓಡಿ ಅಥವಾ ನಡೆಯಿರಿ, ಗೆಳೆಯರು ಹಿಂದೆ ಹಾಕಿ ಹೋದರೂ ಪರವಾಗಿಲ್ಲ. ಎರಡು ತಿಂಗಳ ನಂತರ ಅದೇ ಬಡಿತದಲ್ಲಿ ಅದೇ ದೂರಕ್ಕೆ ಎಷ್ಟು ಸಮಯ ಬೇಕಾಯಿತು ಎಂದು ನೋಡಿ. ನಿಮ್ಮ ಲೆಕ್ಕವನ್ನು ನನಗೂ ತೋರಿಸಿದರೆ ಸಂತೋಷಪಡುತ್ತೇನೆ.